ಕ್ಯಾನ್ವಾಸ್ ಟೆಂಟಿನಲ್ಲಿ ಕಪ್ಪು ಚುಕ್ಕೆ, ಮುಗ್ಗಲು ವಾಸನೆ: ತೊಳೆಯುವುದು ಹೇಗೆ, ಮಡಿಸಿಡುವುದು ಹೇಗೆ?

ಪ್ರಶ್ನೆ: ನಮ್ಮಲ್ಲಿ 5 ಮೀಟರ್ ವ್ಯಾಸದ ಕ್ಯಾನ್ವಾಸ್ ಬೆಲ್ ಟೆಂಟ್ (ನಡುಗಂಬದ, ಗಂಟೆಯಾಕಾರದ ಗುಂಡು ಟೆಂಟ್) ಇದೆ. ಬಟ್ಟೆ ಚದರ ಮೀಟರ್‌ಗೆ 285 ಗ್ರಾಂ ತೂಗುವ ಪಾಲಿಕಾಟನ್ (ಹತ್ತಿ-ಪಾಲಿಯೆಸ್ಟರ್ ಬೆರಕೆ), ನೆಲಹಾಸು ಪಿವಿಸಿಯದು, ಜಿಪ್ ಹಾಕಿ ಗೋಡೆಗೆ ಸೇರಿಸುವಂಥದ್ದು. ಗ್ಲ್ಯಾಂಪಿಂಗ್ (ಹೋಟೆಲಿನಂಥ ಸೌಕರ್ಯದ ಟೆಂಟ್ ವಾಸ) ಅತಿಥಿಗಳಿಗಾಗಿ ಐದು ತಿಂಗಳು ನಿಲ್ಲಿಸಿಯೇ ಇಟ್ಟಿದ್ದೆವು. ಈಗ ಗೋಡೆಯ ಕೆಳಭಾಗದಲ್ಲಿ ಕಪ್ಪು ಚುಕ್ಕೆಗಳು ಬಿದ್ದಿವೆ, ಒಳಗೆ ಮುಗ್ಗಲು ವಾಸನೆ. ಜೋರು ಮಳೆ ಬಂದಾಗ ಬಾಗಿಲ ಪಕ್ಕದ ಹೊಲಿಗೆಯಿಂದ ಹನಿ ಬಿತ್ತು. ಡಿಟರ್ಜೆಂಟ್ ಹಾಕಿ ಪ್ರೆಶರ್ ವಾಷರ್‌ನಲ್ಲಿ ತೊಳೆದು, ವಾಟರ್‌ಪ್ರೂಫ್ ದ್ರಾವಣ ಹೊಡೆದು, ಮುಂದಿನ ಸೀಸನ್‌ವರೆಗೆ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇಡೋಣ ಎಂದುಕೊಂಡಿದ್ದೇವೆ. ಸರಿಯೇ?

ಉತ್ತರ: ಪ್ರೆಶರ್ ವಾಷರ್, ಡಿಟರ್ಜೆಂಟ್, ಮುಚ್ಚಿದ ಪೆಟ್ಟಿಗೆ, ಈ ಮೂರೂ ಬೇಡ. ವಾಟರ್‌ಪ್ರೂಫ್ ದ್ರಾವಣ ಬೇಕಾದೀತು, ಆದರೆ ಅದರ ಸರದಿ ಕೊನೆಗೆ, ಅದೂ ಬಟ್ಟೆಯನ್ನು ಪರೀಕ್ಷಿಸಿ ನೋಡಿದ ಮೇಲೆ. ಮಳೆಯಲ್ಲಿ ನೆನೆದು ಗಾಳಿಗೆ ಪೂರ್ತಿ ಒಣಗಿದ ಕ್ಯಾನ್ವಾಸ್‌ಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸ್ವಲ್ಪವೇ ತೇವ ಉಳಿದಿರುವಾಗ ಮಡಿಸಿ ಚೀಲಕ್ಕೆ ತುಂಬಿದ ಕ್ಯಾನ್ವಾಸ್ ಒಂದೆರಡು ದಿನದಲ್ಲೇ ವಾಸನೆ ಹಿಡಿಯುತ್ತದೆ. ಹಾಗಾಗಿ ಮುಂದೆ ಹೇಳುವ ಕೆಲಸಗಳಲ್ಲಿ ಸಮಯ ಸಾಲದೆ ಒಂದನ್ನು ಕೈಬಿಡಬೇಕಾಗಿ ಬಂದರೆ ತೊಳೆಯುವುದನ್ನು ಬಿಡಿ, ಒಣಗಿಸುವುದನ್ನು ಮಾತ್ರ ಬಿಡಬೇಡಿ.

ಡಿಟರ್ಜೆಂಟ್ ಯಾಕೆ ಬೇಡ ಎಂದು ತಿಳಿಯಲು ಕ್ಯಾನ್ವಾಸ್ ನೀರು ತಡೆಯುವ ಬಗೆಯನ್ನು ನೋಡಬೇಕು. ಹತ್ತಿಯ ನಾರು ನೀರು ಕುಡಿದಾಗ ಉಬ್ಬುತ್ತದೆ. ಹಾಸು-ಹೊಕ್ಕಿನ ಎಳೆಗಳ ನಡುವಿನ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಇದರ ಜೊತೆಗೆ ಕಾರ್ಖಾನೆಯಲ್ಲಿ ಹಾಕಿದ ನೀರು ನಿರೋಧಕ ಲೇಪವೂ ಇರುತ್ತದೆ. ಸಂದುಗಳಿಗೆ ಮೆತ್ತಿದ ಪ್ಲಾಸ್ಟಿಕ್ ಪದರ ಅಲ್ಲ ಅದು. ಒಂದೊಂದು ನಾರಿಗೂ ತೆಳುವಾಗಿ ಹತ್ತಿಕೊಂಡು, ಬಿದ್ದ ನೀರು ಹನಿಗಟ್ಟಿ ಜಾರಿಹೋಗುವಂತೆ ಮಾಡುತ್ತದೆ. ಒಳಗಿನ ಆವಿ ಹೊರಹೋಗಲು ದಾರಿಯನ್ನೂ ಬಿಟ್ಟಿರುತ್ತದೆ. ಡಿಟರ್ಜೆಂಟಿನ ಕೆಲಸ ಇದಕ್ಕೆ ಸರಿಯಾಗಿ ವಿರುದ್ಧ: ನೀರಿನ ಮೇಲ್ಮೈ ಸೆಳೆತ ತಗ್ಗಿಸಿ, ಅದು ಬಟ್ಟೆಯೊಳಗೆ ಇಳಿಯುವಂತೆ ಮಾಡುವುದು. ದಪ್ಪ ನೇಯ್ಗೆಯಿಂದ ಅದನ್ನು ಪೂರ್ತಿ ಜಾಲಿಸಿ ತೆಗೆಯಲು ಆಗುವುದಿಲ್ಲ. ಉಳಿದುಹೋದ ಅಂಶ ಮುಂದಿನ ಮಳೆಗೆ ನೀರನ್ನು ಒಳಗೆ ಕರೆಯುತ್ತದೆ. ಪಾತ್ರೆ ತೊಳೆಯುವ ದ್ರವ, ಶಾಂಪೂ, ‘ಮೃದು’ ಎಂದು ಬರೆದ ಬಟ್ಟೆ ಸೋಪು, ಎಲ್ಲದಕ್ಕೂ ಇದೇ ಮಾತು.

ಪ್ರೆಶರ್ ವಾಷರ್ ಕೊಳೆಯ ಜೊತೆಗೆ ಲೇಪವನ್ನೂ ನಾರಿನ ಮೇಲ್ಪದರವನ್ನೂ ಕಿತ್ತುಹಾಕುತ್ತದೆ, ಹೊಲಿಗೆಯ ದಾರವನ್ನು ಸಡಿಲ ಮಾಡುತ್ತದೆ. ವಾಷಿಂಗ್ ಮಷೀನಿಗೆ ಹಾಕುವ ಮಾತೂ ಬೇಡ. ಬ್ಲೀಚ್ ಚುಕ್ಕೆಯ ಬಣ್ಣ ತೆಗೆಯುತ್ತದೆ, ನಿಜ. ಆದರೆ ಅದರಲ್ಲಿರುವ ಹೈಪೋಕ್ಲೋರೈಟ್ ಹತ್ತಿಯ ಸೆಲ್ಯುಲೋಸನ್ನೂ ತಿನ್ನುತ್ತದೆ. ಬೆಳ್ಳಗೆ ಕಾಣುವ ಆ ಜಾಗವೇ ಮುಂದೆ ಗಾಳಿಗೆ ಹರಿಯುವ ಜಾಗ.

ಕಪ್ಪು ಚುಕ್ಕೆಗಳು

ಮೊದಲು ಚುಕ್ಕೆ ಏನೆಂದು ಖಚಿತ ಮಾಡಿಕೊಳ್ಳಿ. ಮಳೆಹನಿ ನೆಲಕ್ಕೆ ಬಡಿದು ಸಿಡಿದ ಮಣ್ಣಾದರೆ ಒಣಗಿದ ಮೇಲೆ ಬ್ರಷ್‌ಗೆ ಉದುರುತ್ತದೆ, ಹೊರಮೈಯಲ್ಲಿ ಮಾತ್ರ ಇರುತ್ತದೆ. ಬೂಷ್ಟಾದರೆ ಸೂಜಿಮೊನೆಯಷ್ಟು ಚಿಕ್ಕ ಚುಕ್ಕೆಗಳು ಗುಂಪುಗುಂಪಾಗಿ, ಹೆಚ್ಚಾಗಿ ಹೊಲಿಗೆಯ ಗುಂಟ ಮತ್ತು ಮಡಿಕೆಯ ಗೆರೆಗುಂಟ ಕಾಣುತ್ತವೆ, ಬಟ್ಟೆಯ ಎರಡೂ ಬದಿಗೆ ಇಳಿದಿರುತ್ತವೆ. ಮೂರನೆಯದು ಕೊಳೆತ. ಚುಕ್ಕೆ ಹೆಚ್ಚಿರುವ ಕಡೆ ಎರಡು ಕೈಯ ಹೆಬ್ಬೆರಳುಗಳಿಂದ ಬಟ್ಟೆಯನ್ನು ಹಿಡಿದು ಪಕ್ಕಕ್ಕೆ ಬಲವಾಗಿ ಎಳೆದು ನೋಡಿ. ಎಳೆ ಕಡಿಯುವ ಸಣ್ಣ ಸದ್ದು ಬಂದರೆ, ಬಟ್ಟೆ ಕಾಗದದಂತೆ ಬಿರಿದರೆ, ಅಲ್ಲಿ ತೊಳೆದು ಪ್ರಯೋಜನವಿಲ್ಲ. ಆ ಭಾಗ ಕತ್ತರಿಸಿ ಹೊಸ ಬಟ್ಟೆ ಕೂಡಿಸಬೇಕು.

ಬೂಷ್ಟಿಗೆ ಬೇಕಾದದ್ದು ಮೂರು: ತೇವ, ಅಲುಗಾಡದ ಗಾಳಿ, ತಿನ್ನಲು ಏನಾದರೂ. ದೂಳು, ಪರಾಗ, ಹಕ್ಕಿಯ ಹಿಕ್ಕೆ, ಎಲೆಯ ರಸ ಎಲ್ಲವೂ ಅದಕ್ಕೆ ಆಹಾರ, ಹತ್ತಿಯೂ ಆಹಾರ. ಪಾಲಿಕಾಟನ್‌ನಲ್ಲಿರುವ ಪಾಲಿಯೆಸ್ಟರ್ ಎಳೆಯನ್ನು ಅದು ತಿನ್ನಲಾರದು, ಆದರೆ ಪಕ್ಕದ ಹತ್ತಿಯನ್ನು ಬಿಡುವುದಿಲ್ಲ. ನಿಮ್ಮ ಗೋಡೆಯ ಕೆಳಭಾಗಕ್ಕೆ ಮೂರೂ ಒಟ್ಟಿಗೆ ಸಿಕ್ಕಿವೆ. ಮಣ್ಣು ಸಿಡಿಯುತ್ತದೆ, ಹುಲ್ಲು ತಾಗಿಕೊಂಡಿರುತ್ತದೆ, ಬಿಸಿಲು ಕಡಿಮೆ. ಗೋಡೆಯ ಬುಡದಲ್ಲಿ ಹೊಲಿದಿರುವ ಮಣ್ಣುಪಟ್ಟಿ ನೆಲಕ್ಕೆ ಒತ್ತಿಕೊಂಡೇ ಇರುವುದರಿಂದ ಮೊದಲು ಕೆಡುವುದೂ ಅದೇ. ಮುಂದಿನ ಸಲ ಟೆಂಟ್ ನಿಂತಿರುವಾಗ ಸುತ್ತ ಒಂದು ಅಡಿ ಹುಲ್ಲು ಕತ್ತರಿಸಿಟ್ಟು, ಬಿಸಿಲು ಬಂದ ದಿನ ಗೋಡೆಯನ್ನು ಮೇಲಕ್ಕೆ ಸುತ್ತಿ ಗಾಳಿ ಆಡಿಸಿದರೆ ಚುಕ್ಕೆ ಬೀಳುವುದು ಬಹಳ ಕಡಿಮೆಯಾಗುತ್ತದೆ.

ತೊಳೆಯಲು ಗಾಳಿ ಇರುವ ಒಣ ದಿನವನ್ನು ಆರಿಸಿ ಬೆಳಗ್ಗೆಯೇ ಶುರು ಮಾಡಿ, ಸಂಜೆಯೊಳಗೆ ಬಟ್ಟೆ ಒಣಗಬೇಕು. ಟೆಂಟ್ ನಿಲ್ಲಿಸಿಯೇ ಇರಲಿ. ನೆಲದ ಮೇಲೆ ಹರವಿ ತೊಳೆದರೆ ಕೊಳೆನೀರು ಮಡಿಕೆಯಲ್ಲಿ ನಿಂತು ಹೊಸ ಕಲೆ ಕೂರುತ್ತದೆ. ನೆಲಹಾಸಿನ ಜಿಪ್ ಬಿಚ್ಚಿ ಅದನ್ನು ಹೊರಗೆ ತೆಗೆಯಿರಿ. ನೀರು ಮುಟ್ಟಿಸುವ ಮೊದಲು ಒಣ ಬ್ರಷ್‌ನಿಂದ ಚುಕ್ಕೆಗಳನ್ನು ಉಜ್ಜಿ ಉದುರಿಸಿ. ಬಟ್ಟೆ ಬ್ರಷ್‌ನಂಥ ಮೃದುವಾದದ್ದು ಸಾಕು; ನೈಲಾನಿನ ಗಡಸು ಬ್ರಷ್ ನಾರನ್ನು ಎಬ್ಬಿಸುತ್ತದೆ. ಈ ಹೊತ್ತಿನಲ್ಲಿ ಬೂಷ್ಟಿನ ಬೀಜಕಣಗಳು ಹಾರುತ್ತವೆ, ಹಾಗಾಗಿ ಎನ್95 ಮಾಸ್ಕ್ ಹಾಕಿ. ಬಾಗಿಲು, ಕಿಟಕಿ ತೆರೆದಿರಲಿ.

ಆಮೇಲೆ 1 ಪಾಲು ಬಿಳಿ ವಿನೆಗರ್‌ಗೆ (ಶೇ 5ರಷ್ಟು ಆಮ್ಲವಿರುವ ಸಾಮಾನ್ಯ ವಿನೆಗರ್) 4 ಪಾಲು ನೀರು ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿ. ಮಣ್ಣುಪಟ್ಟಿಯ ಒಳಬದಿಯಂಥ ಕಣ್ಣಿಗೆ ಬೀಳದ ಕಡೆ ಸ್ವಲ್ಪ ಹೊಡೆದು, ಒಣಗಿದ ಮೇಲೆ ಬಣ್ಣ ಬದಲಾಗಿಲ್ಲವೆಂದು ನೋಡಿಕೊಳ್ಳಿ. ಚುಕ್ಕೆ ಕಂಡಷ್ಟಕ್ಕೆ ಮಾತ್ರ ಹೊಡೆದರೆ ಸಾಲದು, ಅದರ ಸುತ್ತ ಒಂದು ಗೇಣು ಜಾಗಕ್ಕೂ ಹೊಡೆಯಬೇಕು. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಆಚೆಗೂ ಹರಡಿರುತ್ತವೆ. ಎರಡೂ ಬದಿಯಿಂದ ಹೊಡೆದು ಅರ್ಧ ಗಂಟೆ ಬಿಟ್ಟು, ಸ್ಪಾಂಜಿನಿಂದ ಒತ್ತಿ ಒರೆಸಿ, ತಣ್ಣೀರಿನಿಂದ ಎರಡು ಸಲ ತೊಳೆಯಿರಿ. ಹುಳಿ ವಾಸನೆ ಒಂದೆರಡು ದಿನದಲ್ಲಿ ಹೋಗುತ್ತದೆ. ವಿನೆಗರ್ ತಾಗಿದ ಕಡೆ ಬ್ಲೀಚ್ ಹಾಕಬೇಡಿ, ಮೊದಲೇ ಬ್ಲೀಚ್ ಹಾಕಿದ್ದ ಕಡೆ ವಿನೆಗರ್ ಕೂಡ ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಇಷ್ಟು ಮಾಡಿದರೆ ಬೂಷ್ಟು ಬಹುಮಟ್ಟಿಗೆ ಸಾಯುತ್ತದೆ, ವಾಸನೆ ಹೋಗುತ್ತದೆ. ಕಲೆ ಮಾತ್ರ ಪೂರ್ತಿ ಹೋಗದಿರಬಹುದು. ಆ ಕಪ್ಪು ಬಣ್ಣ ನಾರಿನೊಳಗೇ ಇಳಿದಿರುತ್ತದೆ. ನಿಂಬೆರಸಕ್ಕೆ ಉಪ್ಪು ಸೇರಿಸಿ ಹಚ್ಚಿ ಬಿಸಿಲಿಗೆ ಬಿಟ್ಟರೆ ತುಸು ಮಾಸುತ್ತದೆ, ನಂತರ ಚೆನ್ನಾಗಿ ತೊಳೆಯಬೇಕು. ಆಮ್ಲಜನಕ ಬಿಡುವ ಬಿಳುಪು ಪುಡಿಗಳು ಇನ್ನಷ್ಟು ತೆಗೆಯುತ್ತವೆ, ಆದರೆ ಲೇಪವನ್ನೂ ಜೊತೆಗೆ ಒಯ್ಯುತ್ತವೆ. ಆ ಇಡೀ ಪಟ್ಟಿಗೆ ಹೇಗಿದ್ದರೂ ಮತ್ತೆ ಲೇಪ ಹಾಕುವವರಿದ್ದರೆ ಮಾತ್ರ ಅದನ್ನು ಬಳಸಿ. ಅತಿಥಿಗಳ ಕಣ್ಣಿಗೆ ಟೆಂಟ್ ಹೊಸದರಂತೆ ಕಾಣಲಿ ಎಂಬ ಆಸೆ ಅರ್ಥವಾಗುವಂಥದ್ದೇ. ಆದರೂ ಮಾಸಿದ ಕಲೆಯಿರುವ ಗಟ್ಟಿ ಬಟ್ಟೆ, ಬೆಳ್ಳಗಾದ ದುರ್ಬಲ ಬಟ್ಟೆಗಿಂತ ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ. ಕಲೆಯನ್ನು ಹಾಗೇ ಬಿಡುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಉಳಿದ ಭಾಗಕ್ಕೆ ಬರೀ ನೀರು ಸಾಕು. ಪೈಪಿನ ನೀರನ್ನು ಮೆಲ್ಲಗೆ ಬಿಟ್ಟು ನೆತ್ತಿಯಿಂದ ಕೆಳಕ್ಕೆ, ಹೊಲಿಗೆಯಿಂದ ಹೊಲಿಗೆಯವರೆಗೆ ಒಂದೊಂದು ಪಟ್ಟಿಯನ್ನೇ ಪೂರ್ತಿ ನೆನೆಸಿ ತೊಳೆಯಿರಿ. ನಡುವೆ ಒಂದು ತಟ್ಟೆಯಗಲ ಮಾತ್ರ ತೊಳೆದರೆ ಅಂಚಿಗೆ ನೀರಿನ ಉಂಗುರ ಮೂಡುತ್ತದೆ. ಬರೀ ನೀರಿಗೆ ಹೋಗದ ಕೊಳೆಗೆ ಟೆಂಟ್ ಬಟ್ಟೆಗೆಂದೇ ಮಾರುವ, ಡಿಟರ್ಜೆಂಟ್ ಇಲ್ಲದ ದ್ರವ ಸಿಗುತ್ತದೆ. ಲೇಬಲ್‌ನಲ್ಲಿ ಹೇಳಿದ್ದಕ್ಕಿಂತ ಗಟ್ಟಿಯಾಗಿ ಕಲಸಬೇಡಿ.

ಹಕ್ಕಿಯ ಹಿಕ್ಕೆಯನ್ನು ಕಂಡ ದಿನವೇ ತೆಗೆಯಬೇಕು, ಅದರಲ್ಲಿರುವ ಯೂರಿಕ್ ಆಮ್ಲ ಲೇಪವನ್ನು ಕೆಡಿಸುತ್ತದೆ. ಒಣಗಿದ್ದರೆ ಕೆರೆಯಬೇಡಿ, ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲಿಟ್ಟು ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಹಸಿ ಕೆಸರಿಗೆ ಕೈ ಹಾಕಬೇಡಿ, ಒಣಗಲು ಬಿಟ್ಟು ಬ್ರಷ್ ಮಾಡಿ. ಮರದ ಅಂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ ಮಂಜುಗಡ್ಡೆಯಿಂದ ಗಡಸು ಮಾಡಿ, ಮೊಂಡು ಚಮಚದಲ್ಲಿ ಎಬ್ಬಿಸಿ. ಅಡುಗೆ ಎಣ್ಣೆಯೋ ಲೋಷನ್ನೋ ಬಿದ್ದಿದ್ದರೆ ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಬಿಳಿ ಹಿಟ್ಟು) ಅಥವಾ ಟಾಲ್ಕಂ ಪುಡಿ ಉದುರಿಸಿ, ರಾತ್ರಿಯಿಡೀ ಬಿಟ್ಟು ಕೊಡವಿ. ಒಲೆಯ ಚಿಮಣಿ ಇದ್ದರೆ ಅದರ ಸುತ್ತಲಿನ ಮಸಿಯನ್ನು ಒಣಗಿದ್ದಾಗಲೇ ವ್ಯಾಕ್ಯೂಮ್‌ನಿಂದ ಎಳೆಯಿರಿ. ನೀರು ತಾಗಿದರೆ ಮಸಿ ನಾರಿನೊಳಗೆ ಇಳಿದುಬಿಡುತ್ತದೆ.

ಹೊಲಿಗೆಯಿಂದ ಬಿದ್ದ ಹನಿ

ಅದು ಸೋರಿಕೆಯೇ, ಒಳಗಿನ ಆವಿ ತಣಿದು ಕಟ್ಟಿದ ನೀರೇ ಎಂದು ಮೊದಲು ನೋಡಿ. ಮಲಗಿದ ಒಬ್ಬರ ಉಸಿರು, ಬೆವರು ಸೇರಿ ಒಂದು ರಾತ್ರಿಗೆ ಸುಮಾರು ಕಾಲು ಲೀಟರ್ ನೀರು ಗಾಳಿಗೆ ಸೇರುತ್ತದೆ. ಗ್ಯಾಸ್ ಹೀಟರ್ ಇದ್ದರೆ ಲೆಕ್ಕವೇ ಬೇರೆ: 1 ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋ ನೀರಾವಿ ಹುಟ್ಟುತ್ತದೆ. ಅದು ಕಾರ್ಬನ್ ಮಾನಾಕ್ಸೈಡನ್ನೂ ಬಿಡುವುದರಿಂದ ಟೆಂಟಿನೊಳಗೆ ಅದಕ್ಕೆ ಜಾಗವೇ ಇಲ್ಲ. ಒಳಮೈ ಎಲ್ಲ ಕಡೆ ಒಂದೇ ಸಮ ಒದ್ದೆಯಾಗಿ, ನೆತ್ತಿಯ ಹತ್ತಿರ ಹೆಚ್ಚಿದ್ದರೆ ಅದು ಆವಿ. ನೆತ್ತಿಯ ಕಿಂಡಿಗಳನ್ನು ತೆರೆದಿಟ್ಟರೆ ಸರಿಹೋಗುತ್ತದೆ. ಒಂದೇ ಗೆರೆಯಲ್ಲಿ ಹನಿ ಸಾಲು ನಿಂತಿದ್ದರೆ ಅದು ಹೊಲಿಗೆ. ಮಂಚ, ಬೀರು ಗೋಡೆಗೆ ಒತ್ತಿಕೊಂಡಿದ್ದರೆ ಆ ಜಾಗದಲ್ಲೂ ನೀರು ಒಳಗೆ ಜಿನುಗುತ್ತದೆ, ಅದಕ್ಕೆ ಬಟ್ಟೆಯ ದೋಷ ಕಾರಣವಲ್ಲ.

ಹೊಲಿಗೆ ಸೋರುವುದಕ್ಕೆ ಹೊಸ ಟೆಂಟಿನಲ್ಲಿ ಸಾಮಾನ್ಯ ಕಾರಣ: ಸೂಜಿಯ ತೂತು ಇನ್ನೂ ಮುಚ್ಚಿಲ್ಲ. ಟೆಂಟನ್ನು ಎರಡು ಮೂರು ಸಲ ಪೂರ್ತಿ ನೆನೆಸಿ ಪೂರ್ತಿ ಒಣಗಿಸಿದರೆ ದಾರವೂ ನಾರೂ ಉಬ್ಬಿ ತೂತು ತುಂಬುತ್ತದೆ. ನಿಮ್ಮದು ಐದು ತಿಂಗಳು ಮಳೆ-ಬಿಸಿಲು ಕಂಡಿದೆ, ಆ ಹಂತ ದಾಟಿದೆ. ಬಾಗಿಲ ಪಕ್ಕವೇ ಸೋರಿದ್ದರಿಂದ ಎಳೆತದ ಮೇಲೆ ನಮಗೆ ಸಂದೇಹ. ಬಾಗಿಲ ಜಿಪ್ ತೆರೆದಿಟ್ಟು ಗೂಟ ಹೊಡೆದಿದ್ದರೆ ಇಡೀ ಟೆಂಟಿನ ಬಿಗಿ ಆ ಒಂದು ಹೊಲಿಗೆಯ ಮೇಲೆ ಕೂರುತ್ತದೆ. ಜಿಪ್ ಹಾಕಿ ಮುಚ್ಚಿದ ಮೇಲೆಯೇ ಸುತ್ತಲಿನ ಗೂಟಗಳನ್ನು ಹೊಡೆಯಬೇಕು. ಮಳೆ ಶುರುವಾದಾಗ ಹಗ್ಗಗಳನ್ನು ತುಸು ಸಡಿಲಿಸುವುದೂ ಇದೇ ಕಾರಣಕ್ಕೆ. ನೆನೆದ ಹತ್ತಿ ಕುಗ್ಗಿ ಬಿಗಿಯಾಗುತ್ತದೆ, ಆ ಬಿಗಿಗೆ ಸೂಜಿತೂತು ಹಿಗ್ಗುತ್ತದೆ.

ಆ ಹೊಲಿಗೆಗೆ ಜೇನುಮೇಣದ ತುಂಡನ್ನು ಹೊರಗಿನಿಂದ ಬಲವಾಗಿ ಉಜ್ಜಿ, ಹೇರ್ ಡ್ರೈಯರ್‌ನ ಹದವಾದ ಬಿಸಿಯಲ್ಲಿ ಕರಗಿಸಿ ಒಳಗಿಳಿಸಿ. ಇಲ್ಲವೇ ಕ್ಯಾನ್ವಾಸ್‌ಗೆ ಹೊಂದುವ ಸೀಮ್ ಸೀಲರ್ (ಹೊಲಿಗೆಯ ತೂತು ಮುಚ್ಚುವ ದ್ರವ) ಅನ್ನು ಚಿಕ್ಕ ಬ್ರಷ್‌ನಲ್ಲಿ ತೆಳುವಾಗಿ ಹಚ್ಚಿ. ದಾರ ಕಡಿದಿದ್ದರೆ ದಬ್ಬಣದಿಂದ ಹಳೆಯ ತೂತುಗಳಲ್ಲೇ ಮತ್ತೆ ಹೊಲಿಯಿರಿ, ಹೊಸ ತೂತು ಮಾಡಬೇಡಿ. ಒಳಗೆ ಪಾಲಿಯೆಸ್ಟರ್, ಹೊರಗೆ ಹತ್ತಿ ಸುತ್ತಿದ ದಾರ ಇದಕ್ಕೆ ತಕ್ಕದ್ದು. ಬಲ ಪಾಲಿಯೆಸ್ಟರ್‌ನಿಂದ ಬರುತ್ತದೆ, ಹತ್ತಿ ಉಬ್ಬಿ ತೂತು ಮುಚ್ಚುತ್ತದೆ.

ಮತ್ತೆ ಲೇಪ ಬೇಕೇ?

ತೊಳೆದು ಒಣಗಿದ ಬಟ್ಟೆಯ ಮೇಲೆ ಕೈಯಿಂದ ನೀರು ಚಿಮುಕಿಸಿ ಐದು ನಿಮಿಷ ನೋಡಿ. ಹನಿ ಗುಂಡಗೆ ನಿಂತರೆ ಅಥವಾ ಜಾರಿದರೆ ಲೇಪ ಚೆನ್ನಾಗಿದೆ, ಏನೂ ಹೊಡೆಯಬೇಡಿ. ಹನಿ ಚಪ್ಪಟೆಯಾಗಿ, ಬಟ್ಟೆ ಕಪ್ಪಾಗಿ ನೆನೆದರೆ ಆ ಪಟ್ಟಿಗೆ ಲೇಪ ಬೇಕು. ಬಿಸಿಲು ಹೆಚ್ಚು ಬೀಳುವ ಬದಿಯ ಚಾವಣಿಯಲ್ಲಿ ಮೊದಲು ಹೋಗುತ್ತದೆ, ಗೋಡೆಯಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಹಾಗಾಗಿ ನಾಲ್ಕೂ ಬದಿ ಪರೀಕ್ಷಿಸಿ.

ಎಷ್ಟು ಬೇಕೆಂಬ ಲೆಕ್ಕ ಹೀಗೆ: 5 ಮೀಟರ್ ವ್ಯಾಸ, 3 ಮೀಟರ್ ಎತ್ತರ, 60 ಸೆಂಟಿಮೀಟರ್ ಗೋಡೆಯ ಬೆಲ್ ಟೆಂಟಿನ ಚಾವಣಿ ಸುಮಾರು 27 ಚದರ ಮೀಟರ್, ಗೋಡೆ 9.5 ಚದರ ಮೀಟರ್. ನೀವು ಕೊಳ್ಳುವ ದ್ರಾವಣದ ಡಬ್ಬಿಯಲ್ಲಿ ಒಂದು ಲೀಟರ್‌ಗೆ 5 ಚದರ ಮೀಟರ್ ಎಂದಿದ್ದರೆ ಚಾವಣಿಗೆ ಮಾತ್ರ ಒಂದು ಕೋಟ್‌ಗೆ ಐದೂವರೆ ಲೀಟರ್ ಬೇಕು. ಅರ್ಧ ಲೀಟರಿನ ಸ್ಪ್ರೇ ಡಬ್ಬಿ ತಂದು ಇಡೀ ಟೆಂಟಿಗೆ ಹೊಡೆದರೆ ಎಲ್ಲಿಯೂ ಸಾಕಷ್ಟು ಇಳಿಯುವುದಿಲ್ಲ.

ನೀರಿನಲ್ಲಿ ಕಲಸಿದ, ಉಸಿರಾಡುವ ಬಟ್ಟೆಗೆ ಎಂದು ಬರೆದ ದ್ರಾವಣವನ್ನೇ ತೆಗೆದುಕೊಳ್ಳಿ. ಹಳೆಯ ಲೇಪ ಯಾವ ಬಗೆಯದು ಎಂದು ಟೆಂಟ್ ತಯಾರಕರ ಕೈಪಿಡಿಯಲ್ಲಿ ನೋಡಿ. ಸಿಲಿಕೋನ್ ಲೇಪದ ಮೇಲೆ ಬೇರೆ ಬಗೆಯದು ಸರಿಯಾಗಿ ಹಿಡಿಯುವುದಿಲ್ಲ. ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪು ಅನುಕೂಲ, ಆದರೆ ಅದು ಹೊಸದಾಗಿರಬೇಕು. ಮೇಲಿನಿಂದ ಕೆಳಕ್ಕೆ ಹೊಡೆಯುತ್ತ, ಇಳಿದ ಧಾರೆಯನ್ನು ಅಗಲ ಬ್ರಷ್‌ನಿಂದ ಆಗಲೇ ಸವರಿ. ಒಂದು ದಪ್ಪ ಕೋಟ್‌ಗಿಂತ ಎರಡು ತೆಳು ಕೋಟ್ ಮೇಲು. ದಪ್ಪಗೆ ನಿಂತದ್ದು ಬಿಳಿ ಕಲೆಯಾಗಿ ಒಣಗುತ್ತದೆ. ಉರಿಬಿಸಿಲಲ್ಲಿ ಹೊಡೆದರೆ ಒಳಗೆ ಇಳಿಯುವ ಮೊದಲೇ ಒಣಗಿಬಿಡುತ್ತದೆ. ಕಿಟಕಿಯ ಪಾರದರ್ಶಕ ಹಾಳೆಗೂ ಸೊಳ್ಳೆಪರದೆಗೂ ತಾಗದಂತೆ ಮುಚ್ಚಿಕೊಳ್ಳಿ.

ಅತಿಥಿಗಳನ್ನು ಇಳಿಸುವ ಟೆಂಟಾದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ನಿಮ್ಮ ಬಟ್ಟೆಗೆ ಬೆಂಕಿ ನಿರೋಧಕ ಲೇಪ ಇರಬಹುದು, ಇದ್ದರೆ ಟೆಂಟಿನ ಲೇಬಲ್‌ನಲ್ಲಿ ಸಿಪಿಎಐ-84 (ಟೆಂಟ್ ಬಟ್ಟೆ ಬೆಂಕಿ ತಡೆಯುವ ಗುಣದ ಮಾನದಂಡ) ಎಂಬಂಥ ಗುರುತು ಇರುತ್ತದೆ. ಮೇಣ, ಪ್ಯಾರಾಫಿನ್ ಬೆರೆತ ದ್ರಾವಣವನ್ನು ಇಡೀ ಟೆಂಟಿಗೆ ಬಳಿದರೆ ಅದು ಬೇಗ ಉರಿಯುವ ಬಟ್ಟೆಯಾಗುತ್ತದೆ. ಮೇಲೆ ಹೇಳಿದ ಜೇನುಮೇಣವೂ ಹೊಲಿಗೆಯ ಗೆರೆಗೆ ಮಾತ್ರ, ಅದೂ ಒಲೆ-ಚಿಮಣಿಯಿಂದ ದೂರ. ಹೊಸ ದ್ರಾವಣ ಬೆಂಕಿ ನಿರೋಧಕ ಗುಣಕ್ಕೆ ಧಕ್ಕೆ ತರುವುದಿಲ್ಲವೆಂದು ತಯಾರಕರಿಂದ ಲಿಖಿತವಾಗಿ ಪಡೆದುಕೊಳ್ಳಿ.

ಒಣಗಿಸುವುದು

ಇಲ್ಲಿಯೇ ಹೆಚ್ಚಿನವರು ಅವಸರ ಮಾಡುವುದು. ಪಟ್ಟಿಯ ನಡುಭಾಗ ಎರಡು ಗಂಟೆಯಲ್ಲಿ ಗರಿಗರಿ ಆಗುತ್ತದೆ, ಕೈಯಿಟ್ಟವರು ಟೆಂಟ್ ಒಣಗಿತು ಎನ್ನುತ್ತಾರೆ. ಆದರೆ ನಾಲ್ಕು ಪದರ ಬಟ್ಟೆ ಸೇರುವ ಹೊಲಿಗೆ, ನೆತ್ತಿಯಲ್ಲಿ ಕಂಬ ಕೂರುವ ದಪ್ಪ ತೇಪೆ, ಹಗ್ಗದ ಕುಣಿಕೆ ಹೊಲಿದ ಜಾಗ, ಜಿಪ್ ಮುಚ್ಚುವ ಪಟ್ಟಿ, ಮಣ್ಣುಪಟ್ಟಿ, ಸುತ್ತಿ ಕಟ್ಟಿದ ಕಿಟಕಿ ಪರದೆಯ ಒಳಸುರುಳಿ ಇವೆಲ್ಲ ಇನ್ನೂ ಒಂದು ದಿನ ಹಸಿಯಾಗಿರುತ್ತವೆ. ಬೂಷ್ಟು ಶುರುವಾಗುವುದು ಅಲ್ಲಿಂದಲೇ. ಈ ಜಾಗಗಳನ್ನು ಅಂಗೈಯಿಂದ ಮುಟ್ಟಿದರೆ ಸಾಲದು, ಕೆನ್ನೆಗೆ ಒತ್ತಿ ನೋಡಿ. ತೇವವಿದ್ದರೆ ತಂಪು ತಟ್ಟನೆ ಗೊತ್ತಾಗುತ್ತದೆ.

ಇನ್ನೂ ನಂಬಿಕೆಯ ಪರೀಕ್ಷೆ ಬೇಕಾದರೆ ಅತಿ ದಪ್ಪ ಹೊಲಿಗೆಯ ಒಂದು ಗೇಣು ಭಾಗವನ್ನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಎರಡೂ ಬದಿ ಮುಚ್ಚಿ, ಅಂಚುಗಳನ್ನು ಕ್ಲಿಪ್ ಹಾಕಿ ಬಿಗಿದು, ಒಂದು ಗಂಟೆ ಬಿಸಿಲಿಗೆ ಬಿಡಿ. ಹಾಳೆಯ ಒಳಗೆ ಮಬ್ಬು ಕಟ್ಟಿದರೆ ಟೆಂಟ್ ಇನ್ನೂ ಒಣಗಿಲ್ಲ.

ತೂಕವೂ ಸುಳ್ಳು ಹೇಳುವುದಿಲ್ಲ. 37 ಚದರ ಮೀಟರ್ ಬಟ್ಟೆ, ಚದರ ಮೀಟರ್‌ಗೆ 285 ಗ್ರಾಂ ಅಂದರೆ ಬಟ್ಟೆಯೇ ಸುಮಾರು 10.5 ಕಿಲೋ; ಹೊಲಿಗೆ, ಜಿಪ್, ಹಗ್ಗ ಸೇರಿ ಇನ್ನೂ ಹೆಚ್ಚು. ಚೆನ್ನಾಗಿ ಒಣಗಿದ ದಿನ ಒಮ್ಮೆ ತೂಗಿ, ಆ ಅಂಕಿಯನ್ನು ಚೀಲದ ಮೇಲೆ ಬರೆದಿಡಿ. ಮುಂದೊಂದು ಸಲ ಮಡಿಸುವಾಗ ಅದಕ್ಕಿಂತ ಅರ್ಧ ಕಿಲೋಗೂ ಹೆಚ್ಚು ಬಂದರೆ, ಚೀಲಕ್ಕೆ ಅರ್ಧ ಲೀಟರ್ ನೀರು ತುಂಬುತ್ತಿದ್ದೀರಿ ಎಂದೇ ಅರ್ಥ. ಅದಕ್ಕಿಂತ ಸಣ್ಣ ವ್ಯತ್ಯಾಸ ಸಹಜ. ಗಾಳಿಯ ತೇವಾಂಶ ಶೇ 65 ಇರುವಾಗ ‘ಒಣ’ ಹತ್ತಿಯಲ್ಲೂ ಅದರ ತೂಕದ ಶೇ 8ರಷ್ಟು ನೀರಿರುತ್ತದೆ, ಪಾಲಿಯೆಸ್ಟರ್‌ನಲ್ಲಿ ಶೇ 1ಕ್ಕಿಂತಲೂ ಕಡಿಮೆ. ಇದೇ ಕಾರಣಕ್ಕೆ ಟೆಂಟ್ ಮಡಿಸುವ ಹೊತ್ತೂ ಮುಖ್ಯ. ಮಧ್ಯಾಹ್ನ 12ರಿಂದ 3ರೊಳಗೆ, ಗಾಳಿ ಅತ್ಯಂತ ಒಣಗಿರುವಾಗ ಮಡಿಸಿ. ಬೆಳಗಿನ ಇಬ್ಬನಿಯಲ್ಲಾಗಲಿ ಸಂಜೆಯ ತಂಪಿನಲ್ಲಾಗಲಿ ಬೇಡ.

ಮಳೆ ಬಿಡದೆ ಒದ್ದೆಯಾಗಿಯೇ ಬಿಚ್ಚಬೇಕಾಗಿ ಬಂದರೆ ಮಡಿಸದೆ ಸಡಿಲವಾಗಿ ಮುದ್ದೆಮಾಡಿ ಒಯ್ದು, 24 ಗಂಟೆಯೊಳಗೆ ಹರವಿ. ಗಾಡಿಯ ಡಿಕ್ಕಿಯಲ್ಲಿ ಬಿಡಬೇಡಿ, ಅಲ್ಲಿನ ಬೆಚ್ಚನೆಯ ತೇವ ಬೂಷ್ಟಿಗೆ ಹೇಳಿಮಾಡಿಸಿದ ಜಾಗ. ಒಳಗೆ ಒಣಗಿಸುವಾಗ ದಪ್ಪ ಹಗ್ಗ ಅಥವಾ ತೊಲೆಯ ಮೇಲೆ ಹರವಿ, ಫ್ಯಾನ್ ಹಾಕಿ, ಮೂರು ನಾಲ್ಕು ಗಂಟೆಗೊಮ್ಮೆ ಸರಿಸಿ. ತೊಲೆಗೆ ತಾಗಿದ ಗೆರೆ ಒಣಗುವುದೇ ಇಲ್ಲ. ಹೀಟರ್ ಹತ್ತಿರ ತರಬೇಡಿ.

ನೆಲಹಾಸು, ಜಿಪ್, ಕಂಬ

ಪಿವಿಸಿ ನೆಲಹಾಸಿಗೆ ಕ್ಯಾನ್ವಾಸ್‌ನಷ್ಟು ನಾಜೂಕು ಬೇಡ. ಎರಡೂ ಬದಿ ಒದ್ದೆ ಬಟ್ಟೆಯಿಂದ ಒರೆಸಿ. ಸ್ವಲ್ಪ ಸೋಪು ಹಾಕಬಹುದು, ಆದರೆ ಸೋಪುನೀರು ಗೋಡೆಗೆ ತಾಗದಂತೆ ಬಿಚ್ಚಿ ದೂರ ಒಯ್ದು ಮಾಡಿ. ಹೆಚ್ಚಿನವರು ಮರೆಯುವುದು ಕೆಳಬದಿಯನ್ನು: ನೆಲಕ್ಕೆ ತಾಗಿದ ಕಡೆ ಸದಾ ನೀರು ಕಟ್ಟಿರುತ್ತದೆ, ಅದನ್ನು ತಿರುಗಿಸಿ ಒಣಗಿಸದೆ ಸುತ್ತಿದರೆ ಆ ನೀರೆಲ್ಲ ಕ್ಯಾನ್ವಾಸ್‌ಗೆ ಹೋಗುತ್ತದೆ. ತೂತಿದ್ದರೆ ಪಿವಿಸಿ ಅಂಟಿನಿಂದ, ಮೂಲೆ ಗುಂಡಗೆ ಕತ್ತರಿಸಿದ ತೇಪೆ ಹಾಕಿ. ಚೂಪು ಮೂಲೆಯ ತೇಪೆ ಬೇಗ ಏಳುತ್ತದೆ.

ಜಿಪ್‌ನ ಹಲ್ಲುಗಳಲ್ಲಿ ಕೂತ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಣಗಿದ್ದಾಗಲೇ ತೆಗೆದು, ಮೇಣದಬತ್ತಿ ಅಥವಾ ಸಿಲಿಕೋನ್ ಕಡ್ಡಿ ಉಜ್ಜಿ. ಎಣ್ಣೆ ಹಾಕಿದರೆ ದೂಳು ಅಂಟಿ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಮುಚ್ಚಿದ ಜಿಪ್ ಹಿಂದಿನಿಂದ ಬಿರಿಯುತ್ತಿದ್ದರೆ ಸಾಮಾನ್ಯವಾಗಿ ಸವೆದಿರುವುದು ಹಲ್ಲಲ್ಲ, ಓಡುವ ಗುಂಡಿ. ಅದರ ಎರಡೂ ಬದಿಯನ್ನು ಇಕ್ಕಳದಿಂದ ಕೂದಲೆಳೆಯಷ್ಟು ಒತ್ತಿದರೆ ಇನ್ನೊಂದು ಸೀಸನ್ ಓಡುತ್ತದೆ, ಆಮೇಲೆ ಗುಂಡಿಯನ್ನೇ ಬದಲಿಸಿ.

ಉಕ್ಕಿನ ಕಂಬ, ಗೂಟಗಳನ್ನು ಕ್ಯಾನ್ವಾಸ್ ಚೀಲಕ್ಕೆ ಹಾಕಲೇಬೇಡಿ. ತುಕ್ಕಿನ ಕಲೆ ಬಟ್ಟೆಯಿಂದ ಸುಲಭಕ್ಕೆ ಹೋಗುವುದಿಲ್ಲ, ಗೂಟದ ಚೂಪಿಗೆ ಬಟ್ಟೆ ತೂತಾಗುತ್ತದೆ. ತುಕ್ಕು ಹಿಡಿದ ಕಡೆ ಎಮರಿ ಪೇಪರ್‌ನಿಂದ ಉಜ್ಜಿ ಸತುವಿನ ಪೇಂಟ್ ಹಚ್ಚಿ, ಪೂರ್ತಿ ಒಣಗಿದ ಮೇಲೆ ಬೇರೆ ಚೀಲದಲ್ಲಿಡಿ. ನೆತ್ತಿಗೆ ತಾಗುವ ಕಂಬದ ತುದಿಯಲ್ಲಿ ರಬ್ಬರ್ ಟೋಪಿ ಇದೆಯೇ ನೋಡಿ. ಅದು ಕಳೆದುಹೋದ ಟೆಂಟಿನ ನೆತ್ತಿ ಒಳಗಿನಿಂದಲೇ ಸವೆಯುತ್ತದೆ.

ಮಡಿಸಿಡುವುದು

ಮುಚ್ಚಳ ಬಿಗಿದ ಪ್ಲಾಸ್ಟಿಕ್ ಪೆಟ್ಟಿಗೆ ಬೇಡ ಎಂದೆವು. ಹೊರಗೆ ಬಿಸಿ-ತಂಪು ಬದಲಾದಂತೆಲ್ಲ ಒಳಗಿನ ಅಲ್ಪ ತೇವ ಪೆಟ್ಟಿಗೆಯ ಗೋಡೆಗೆ ನೀರಾಗಿ ಕಟ್ಟಿ ಮತ್ತೆ ಬಟ್ಟೆಗೆ ಇಳಿಯುತ್ತದೆ, ಹೊರಹೋಗಲು ದಾರಿ ಇಲ್ಲ. ಹತ್ತಿಯ ದೊಡ್ಡ ಚೀಲ ಒಳ್ಳೆಯದು. ಇಲಿ ಕಾಟವಿರುವ ಕಡೆ ಹತ್ತಿಯ ಚೀಲ ಒಂದೇ ರಾತ್ರಿಯ ಮಾತು. ಅಲ್ಲಿ ತಗಡಿನ ಪೆಟ್ಟಿಗೆಯ ಎದುರುಬದುರು ಬದಿಗಳಲ್ಲಿ ಅಂಗೈಯಗಲದ ಕಿಂಡಿ ಮಾಡಿ, ಸಣ್ಣ ಕಣ್ಣಿನ ತಂತಿಜಾಲರಿ ಬಡಿದು, ಚೀಲವನ್ನು ಅದರೊಳಗೆ ಇಡಿ. ಸಿಲಿಕಾ ಜೆಲ್ ಪೊಟ್ಟಣಗಳನ್ನು ನೆಚ್ಚಬೇಡಿ. ಗಾಳಿಯಾಡುವ ಚೀಲದಲ್ಲಿ ಅವು ಕೆಲವೇ ದಿನಕ್ಕೆ ತೇವ ತುಂಬಿಕೊಂಡು ಕೆಲಸ ನಿಲ್ಲಿಸುತ್ತವೆ.

ನೆಲಹಾಸನ್ನು ಟೆಂಟಿನಿಂದ ಬಿಚ್ಚಿ ಬೇರೆಯಾಗಿ ಸುತ್ತಿಡಿ. ಪಿವಿಸಿ ಮತ್ತು ಕ್ಯಾನ್ವಾಸ್ ತಿಂಗಳುಗಟ್ಟಲೆ ಒತ್ತಿಕೊಂಡಿದ್ದರೆ ಒಂದಕ್ಕೊಂದು ಅಂಟುವುದುಂಟು, ಪಿವಿಸಿಗೆ ತಾಗಿದ ಬದಿ ಉಸಿರಾಡುವುದೂ ಇಲ್ಲ. ಕ್ಯಾನ್ವಾಸನ್ನು ಸಡಿಲವಾಗಿ ಸುತ್ತಿ, ಮಂಡಿ ಊರಿ ಗಾಳಿ ಹೊರಡಿಸಬೇಡಿ. ಪ್ರತಿ ಸಲ ಅದೇ ಗೆರೆಯಲ್ಲಿ ಮಡಿಸಿದರೆ ಲೇಪ ಅಲ್ಲಿಯೇ ಬಿರಿಯುತ್ತದೆ, ಮುಂದೆ ಸೋರುವುದೂ ಅಲ್ಲಿಯೇ. ಈ ಸಲ ಮೂರು ಮಡಿಕೆ ಮಾಡಿದ್ದರೆ ಮುಂದಿನ ಸಲ ನಾಲ್ಕು ಮಾಡಿ.

ಚೀಲವನ್ನು ಸಿಮೆಂಟ್ ನೆಲದ ಮೇಲಾಗಲಿ ಗೋಡೆಗೆ ಒತ್ತಿಯಾಗಲಿ ಇಡದೆ, ಮರದ ಹಲಗೆಯ ಅಟ್ಟಣಿಗೆಯ ಮೇಲೆ ಇಡಿ. ಕೋಣೆಯ ತೇವಾಂಶ ಶೇ 60ಕ್ಕಿಂತ ಕಡಿಮೆ ಇರಲಿ. ಅಳೆಯುವ ಚಿಕ್ಕ ಹೈಗ್ರೋಮೀಟರ್ ಒಂದನ್ನು ಚೀಲದ ಪಕ್ಕದಲ್ಲೇ ಇಡಿ, ಕೋಣೆಯ ನಡುವಿನ ಅಂಕಿಗೂ ಮೂಲೆಯ ಅಂಕಿಗೂ ತುಂಬ ವ್ಯತ್ಯಾಸ ಇರುತ್ತದೆ. ತಗಡಿನ ಮಾಡಿನ ಕೆಳಗಿನ ಅಟ್ಟ ಬೇಡ. ಎರಡು ತಿಂಗಳಿಗೊಮ್ಮೆ ಚೀಲದ ಬಾಯಿ ಬಿಚ್ಚಿ ಕೈಯನ್ನು ನಡುಮಡಿಕೆಯವರೆಗೆ ಇಳಿಸಿ, ಹೊರತೆಗೆದು ಮೂಸಿ ನೋಡಿ. ಮುಗ್ಗಲು ಬಂದಿದ್ದರೆ ಅದೇ ದಿನ ಬಿಚ್ಚಿ ಹರವಿ. ಚುಕ್ಕೆ ಕಾಣುವ ಮೊದಲೇ ವಾಸನೆ ಬರುತ್ತದೆ, ಆ ಹಂತದಲ್ಲಿ ಬಿಸಿಲು-ಗಾಳಿಯೇ ಸಾಕಾಗುತ್ತದೆ.

ಹೊಸ ಸೀಸನ್‌ನ ಮೊದಲ ಅತಿಥಿ ಬರುವ ಒಂದು ವಾರ ಮುಂಚೆ ಟೆಂಟ್ ನಿಲ್ಲಿಸಿ. ಪೈಪಿನಿಂದ ಹತ್ತು ನಿಮಿಷ ಮಳೆಯಂತೆ ನೀರು ಸುರಿಸಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಹೊಲಿಗೆಗಳ ಗುಂಟ ನೋಡಲಿ. ಹನಿ ಕಂಡಲ್ಲಿ ಚಾಕ್‌ನಿಂದ ಗುರುತು ಹಾಕಿ. ಬಟ್ಟೆ ಒಣಗಲು ಒಂದೆರಡು ದಿನ, ಮೇಣ ಅಥವಾ ಸೀಲರ್ ಹಚ್ಚಿ ಹಿಡಿಯಲು ಒಂದು ದಿನ, ಮತ್ತೆ ನೀರು ಬಿಟ್ಟು ನೋಡಿ ಒಣಗಿಸಲು ಇನ್ನೊಂದೆರಡು ದಿನ ಬೇಕು. ಒಂದು ವಾರ ಎಂದದ್ದು ಅದಕ್ಕೇ.